ಬಂಗಾರದ ಜೊತೆಗಾರರ ಜಾಡು

ಒಂದು ಟನ್ ಕಲ್ಲಿನಲ್ಲಿ 5 ಗ್ರಾಂ ಚಿನ್ನವಿದ್ದರೆ ಗಣಿಯವರು ಅದನ್ನು ಒಳ್ಳೆಯ ಅದಿರು ಎನ್ನುತ್ತಾರೆ. ಒಂದು ಟನ್ ಎಂದರೆ ಕಾಫಿಸೀಮೆಯ ಲೆಕ್ಕದಲ್ಲಿ 50 ಕಿಲೋದ 20 ಚೀಲ. ಅಷ್ಟು ತೂಕದ ಬಂಡೆಯನ್ನು ಚೌಕವಾಗಿ ಕಡಿದರೆ ಉದ್ದ, ಅಗಲ, ಎತ್ತರ ಮೂರೂ ಸುಮಾರು 70 ಸೆಂಟಿಮೀಟರ್ ಬರುತ್ತವೆ. ಅದರಲ್ಲಿ ಅಡಗಿದ 5 ಗ್ರಾಂ ಚಿನ್ನವನ್ನೆಲ್ಲ ಒಂದೆಡೆ ಕೂಡಿಸಿದರೆ ಗಾತ್ರದಲ್ಲಿ ನಾಲ್ಕು ಕಾಳುಮೆಣಸಿಗೆ ಸಮ. ಆ ನಾಲ್ಕು ಕಾಳನ್ನೂ ಪುಡಿ ಮಾಡಿ ಇಡೀ ಬಂಡೆಗೆ ಬೆರೆಸಿದ ಹಾಗೆ ಚಿನ್ನ ಹರಡಿಕೊಂಡಿರುತ್ತದೆ. ಬಹುಪಾಲು ಬರಿಗಣ್ಣಿಗೆ ಬೀಳುವುದೇ ಇಲ್ಲ. ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಬೆಳ್ಳಿ 10.5 ಪಟ್ಟು. ಎರಡೂ ವಿದ್ಯುತ್ತನ್ನು ಬಲು ಸಲೀಸಾಗಿ ಹರಿಯಬಿಡುವ ಲೋಹಗಳು. ಆದರೂ ನೆಲದ ಮೇಲೆ ನಿಂತ ಯಾವ ಉಪಕರಣಕ್ಕೂ ಈ ಪುಡಿಯ ಸುಳಿವು ಸಿಗುವುದಿಲ್ಲ. ಕಣಕ್ಕೆ ಕಣ ತಗಲದ ಕಡೆ ಕರೆಂಟು ದಾಟದು. ನಾಲ್ಕು ಕಾಳಿನ ಭಾರದಿಂದ ಬೆಟ್ಟದ ತೂಕ ಏರದು.

ಆದ್ದರಿಂದ ಭೂಭೌತ ಸಮೀಕ್ಷೆ ಹುಡುಕುವುದು ಚಿನ್ನವನ್ನಲ್ಲ, ಚಿನ್ನದ ಜೊತೆಗಾರರನ್ನು. ನೆಲದಾಳದಿಂದ ಬಿಸಿನೀರು ಬಿರುಕುಗಳಲ್ಲಿ ಏರಿಬಂದು ಚಿನ್ನವನ್ನು ಇಳಿಸಿಹೋದ ಕಡೆ ಬೆಣಚುಕಲ್ಲು ಕಟ್ಟಿಕೊಂಡಿರುತ್ತದೆ, ಸುತ್ತಲಿನ ಬಂಡೆಯ ಗುಣ ಬದಲಾಗಿರುತ್ತದೆ, ಕಬ್ಬಿಣ ಮತ್ತು ಗಂಧಕದ ಪೈರೈಟ್, ಪಿರ್ರೊಟೈಟ್, ಜೊತೆಗೆ ಆರ್ಸೆನಿಕ್ಕೂ ಸೇರಿದ ಆರ್ಸೆನೊಪೈರೈಟ್‌ಗಳು ಚಿನ್ನಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕೂತಿರುತ್ತವೆ. ಉಪಕರಣಕ್ಕೆ ದಕ್ಕುವುದು ಇವು. ಜೊತೆಗಾರರು ಎಲ್ಲ ಕಡೆಯೂ ಒಂದೇ ತೆರನಲ್ಲ ಎಂಬುದು ಕರ್ನಾಟಕದ ಗಣಿಗಳಲ್ಲಿಯೇ ಗೊತ್ತಾಗುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಪಟ್ಟಿಗಳ ಜೊತೆ ಗಂಧಕದ ಖನಿಜಗಳು ಧಾರಾಳವಾಗಿವೆ. ಕೋಲಾರದಲ್ಲಿ ಹೆಸರುವಾಸಿಯಾದ ಚಾಂಪಿಯನ್ ಪಟ್ಟಿ ಬಹುತೇಕ ಬರಿಯ ಬೆಣಚು. ಅದರ ಪಶ್ಚಿಮಕ್ಕಿರುವ ಪಟ್ಟಿಗಳು ಮಾತ್ರ ಗಂಧಕದ ಖನಿಜಗಳಿಂದ ತುಂಬಿದವು. ಒಂದೇ ಗಣಿಪ್ರದೇಶದಲ್ಲಿ ಪಶ್ಚಿಮದ ಪಟ್ಟಿಯನ್ನು ತೋರಿಸಿಕೊಡುವ ವಿದ್ಯುತ್ ಅಳತೆ ಪೂರ್ವದ ಪಟ್ಟಿಯ ಮುಂದೆ ಮೂಕವಾಗಬಹುದು. ಜೊತೆಗಾರ ಯಾರೆಂದು ಮೊದಲು ತಿಳಿದು ಅನಂತರ ಉಪಕರಣ ಎತ್ತಿಕೊಳ್ಳಬೇಕು. ಈ ಕಸುಬಿನ ಅರ್ಧ ವಿದ್ಯೆ ಇಷ್ಟೇ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳ ಅಡಿಯಲ್ಲಿರುವ ಬಂಡೆಗಳು ಈ ದೃಷ್ಟಿಯಿಂದ ಬಹಳ ಸ್ವಾರಸ್ಯದವು. ಚಿಕ್ಕಮಗಳೂರು ಪಟ್ಟಣದ ಸುತ್ತ ತಳಪಾಯವಾಗಿ ಹಾಸಿರುವುದು ಪರ್ಯಾಯದ್ವೀಪದ ಪುರಾತನ ನೈಸ್ ಶಿಲೆ. ಅದರ ಮೇಲೆ ಸುಮಾರು 290 ಕೋಟಿ ವರ್ಷಗಳ ಹಿಂದೆ ಶುರುವಾಗಿ ಪದರದ ಮೇಲೆ ಪದರ ಕೂತದ್ದು ಬಾಬಾಬುಡನ್ ಶಿಲಾಸಮೂಹ. ಭೂವಿಜ್ಞಾನಿಗಳು ಈ ಪದರಗಳಿಗೆ ಇಟ್ಟಿರುವ ಹೆಸರುಗಳೆಲ್ಲ ಊರಿನವೇ: ಕರ್ತಿಕೆರೆ, ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಚಿಕ್ಕಮಗಳೂರಿನಿಂದ ಗಿರಿ ಹತ್ತುವ ಬಸ್ಸಿನಲ್ಲಿ ಕೂತವರು ಅರಿವಿಲ್ಲದೆಯೇ ಈ ಕಲ್ಲಿನ ಪುಸ್ತಕದ ಪುಟಗಳನ್ನು ತಿರುವುತ್ತ ಹೋಗುತ್ತಾರೆ. ಬುಡದಲ್ಲಿ ಬೆಣಚಿನ ಉರುಟುಕಲ್ಲುಗಳು ಅಂಟಿ ಗಟ್ಟಿಯಾದ ಹಾಸು, ನಡುವೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು, ನೆತ್ತಿಯಲ್ಲಿ ಕಬ್ಬಿಣದ ಪಟ್ಟೆಕಲ್ಲು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ, ಲಾಳದ ಆಕಾರದಲ್ಲಿ ಬಾಗಿದ ಚಂದ್ರದ್ರೋಣದ ಸಾಲೂ ಮಳೆಗಾಳಿಗೆ ಸವೆಯದೆ ನಿಂತಿರುವುದು ಆ ಪಟ್ಟೆಕಲ್ಲಿನ ಗಟ್ಟಿತನದಿಂದ.

ಬುಡದ ಉರುಟುಕಲ್ಲಿನ ಹಾಸೇ ಇಲ್ಲಿ ಚಿನ್ನದ ಮಾತನ್ನು ಎಬ್ಬಿಸಿದ್ದು. ಅದು ಪುರಾತನ ನದಿಗಳ ಮರಳು ಮತ್ತು ಜಲ್ಲಿ. ಉರುಟುಕಲ್ಲುಗಳ ಸಂದಿಯಲ್ಲಿ ಪೈರೈಟ್ ಕಣಗಳಿವೆ, ಯುರೇನಿಯಂ ಖನಿಜದ ಕಣಗಳೂ ಇವೆ. ಇಂದಿನ ನದಿಯಲ್ಲಿ ಇವೆರಡೂ ಉಳಿಯಲಾರವು. ಪೈರೈಟ್ ತುಕ್ಕು ಹಿಡಿದು ಕರಗುತ್ತದೆ, ಯುರೇನಿಯಂ ನೀರಿನಲ್ಲಿ ಹರಿದುಹೋಗುತ್ತದೆ. ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂಬಷ್ಟು ಕಡಿಮೆಯಿದ್ದುದರಿಂದ ಅವು ಹೊಳೆಯಲ್ಲಿ ಉರುಳಿಯೂ ಕೆಡದೆ ಉಳಿದವು. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ್‍ಯಾಂಡ್‌ನಲ್ಲಿ 1886ರಲ್ಲಿ ಪತ್ತೆಯಾದ, ಲೋಕದಲ್ಲೇ ಅತಿ ಹೆಚ್ಚು ಚಿನ್ನ ಕೊಟ್ಟ ಪದರಗಳು ಇಂಥವೇ. ಆ ಹೋಲಿಕೆಯಿಂದಲೇ ಪರಮಾಣು ಖನಿಜ ನಿರ್ದೇಶನಾಲಯದವರು ಚಿಕ್ಕಮಗಳೂರಿನ ಹಾಸುಗಳನ್ನೂ ಕಾರ್ಕಳದ ಕಡೆಯ ಘಟ್ಟದಂಚಿನ ವಾಲ್ಕುಂಜಿಯನ್ನೂ ಶೋಧಿಸಿದರು. ಯುರೇನಿಯಂ ಇರುವುದು ದೃಢಪಟ್ಟಿತು. ಆದರೆ ಈ ಹಾಸುಗಳ ಮೇಲೆ ಇದುವರೆಗೆ ಯಾವ ಚಿನ್ನದ ಗಣಿಯೂ ಎದ್ದಿಲ್ಲ. ಹೋಲಿಕೆ ಬೇರೆ, ಗಣಿ ಬೇರೆ. ಎರಡರ ನಡುವಿನ ದಾರಿಯನ್ನು ಅಳತೆ ಮತ್ತು ಕೊರೆತದಿಂದಲೇ ಸವೆಸಬೇಕು.

ಆ ದಾರಿಯನ್ನು ತೋರಿಸಿದ ಒಳ್ಳೆಯ ಉದಾಹರಣೆಯೂ ವಿಟ್‌ವಾಟರ್ಸ್‌ರ್‍ಯಾಂಡ್‌ನದೇ. 1930ರ ಸುಮಾರಿಗೆ ರುಡಾಲ್ಫ್ ಕ್ರಾಹ್ಮನ್ ಎಂಬ ಜರ್ಮನ್ ಭೂವಿಜ್ಞಾನಿ ಅಲ್ಲಿ ಒಂದು ಸಂಗತಿಯನ್ನು ಗಮನಿಸಿದ. ಚಿನ್ನದ ಪದರದಲ್ಲಿ ಅಯಸ್ಕಾಂತ ಗುಣವಿಲ್ಲ. ಆದರೆ ಅದಕ್ಕಿಂತ ಕೆಳಗೆ, ಹೆಚ್ಚು ಕಡಿಮೆ ನಿಶ್ಚಿತ ದೂರದಲ್ಲಿ, ಸೂಜಿಗಲ್ಲಿನ ಅಂಶವಿರುವ ಜೇಡುಪದರಗಳಿವೆ. ಮೇಲೆ ದಪ್ಪನೆಯ ಡಾಲೊಮೈಟ್ ಮುಚ್ಚಿಕೊಂಡು ಏನೂ ಕಾಣದ ಬಯಲಿನಲ್ಲಿ ಆತ ಕಾಂತಮಾಪಕ ಹಿಡಿದು ಆ ಜೇಡುಪದರಗಳನ್ನು ಹಿಂಬಾಲಿಸಿದ. ಚಿನ್ನದ ಪದರ ಎಲ್ಲಿರಬೇಕೆಂದು ಲೆಕ್ಕಹಾಕಿದ. ಆ ಲೆಕ್ಕದ ಮೇಲೆ ಕೊರೆದ ಕಡೆ ಮುಂದೆ ವೆಸ್ಟ್ ಡ್ರೀಫಾಂಟೀನ್‌ನಂಥ ಭಾರಿ ಗಣಿಗಳು ತೆರೆದವು. ಬಾಬಾಬುಡನ್ನಿನಲ್ಲಿ ಪದರಗಳ ಜೋಡಣೆ ಬೇರೆ ಬಗೆಯದು. ಇಲ್ಲಿ ಕಾಂತಗುಣದ ಪಟ್ಟೆಕಲ್ಲು ಉರುಟುಕಲ್ಲಿನ ಹಾಸಿಗಿಂತ ಬಹಳ ಮೇಲಿದೆ. ಆದರೂ ಕಾಣುವ ಪದರ ಹಿಡಿದು ಕಾಣದ ಪದರಕ್ಕೆ ಹೋಗುವ ಯುಕ್ತಿ ಒಂದೇ.

ಮಲೆನಾಡಿನಲ್ಲಿ ಈ ಯುಕ್ತಿ ಬೇಕೇಬೇಕು, ಏಕೆಂದರೆ ಇಲ್ಲಿ ಬಂಡೆ ಕಣ್ಣಿಗೆ ಬೀಳುವುದೇ ಅಪರೂಪ. 1880ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿನ್ನದ ನೆಲಗಳನ್ನು ನೋಡುತ್ತ ತಿರುಗಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಬಯಲುಸೀಮೆಯಲ್ಲಿ ಬಂಡೆಗಳನ್ನೇ ಓದುತ್ತ ನಡೆಯಬಹುದಿತ್ತು. ಕಪ್ಪತಗುಡ್ಡದ ತಪ್ಪಲಿನ ಜಾಲಗಾರರು ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಎತ್ತುತ್ತಿದ್ದರು. ಕಣ ಸಿಕ್ಕ ಹಳ್ಳದ ಜಾಡು ಹಿಡಿದು ಮೇಲೆ ಹೋದರೆ ತಾಯಿಬಂಡೆ ಸಿಗುತ್ತಿತ್ತು. ಕಳಸ, ಕುದುರೆಮುಖದ ಕಡೆ ಹಾಗಲ್ಲ. ಧಾರಾಕಾರ ಮಳೆಯಲ್ಲಿ ಬಂಡೆ ಕೊಳೆತು ಹತ್ತಾರು ಮೀಟರ್ ಆಳದವರೆಗೆ ಕೆಂಪುಮಣ್ಣಾಗಿದೆ. ಅದರ ಮೇಲೆ ಜಂಬಿಟ್ಟಿಗೆ, ಅದರ ಮೇಲೆ ತರಗೆಲೆಯ ಮಣ್ಣು, ಅದರ ಮೇಲೆ ಕಾಫಿ, ಮೆಣಸಿನ ಬಳ್ಳಿ, ಸಿಲ್ವರ್ ಓಕ್. ಕಳಸದ ಪಕ್ಕದ ಕುದುರೆಮುಖದಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ 1913ರಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದ್ದು ಬೆಟ್ಟದ ನೆತ್ತಿಯಲ್ಲೇ ಪಟ್ಟೆಕಲ್ಲು ಕಾಣುತ್ತಿದ್ದುದರಿಂದ. ತೆಳ್ಳನೆಯ ಚಿನ್ನದ ಪಟ್ಟಿಗೆ ಅಂಥ ನೆತ್ತಿ ಇರುವುದಿಲ್ಲ.

ಅಳತೆಗಳಲ್ಲಿ ಮೊದಲನೆಯದು, ಅಗ್ಗದ್ದು, ಬೇಗ ಮುಗಿಯುವುದು ಕಾಂತೀಯ ಅಳತೆ. ಭೂಮಿಯ ಕಾಂತಬಲ ಕರ್ನಾಟಕದಲ್ಲಿ ಸುಮಾರು 40,000 ನ್ಯಾನೊಟೆಸ್ಲ. ಸೂಜಿಗಲ್ಲಿನ ಅಂಶವಿರುವ ಬಂಡೆ ಇದನ್ನು ಸ್ಥಳೀಯವಾಗಿ ಏರಿಳಿಸುತ್ತದೆ. ಪಟ್ಟೆಕಲ್ಲಿನ ಮೇಲೆ ಈ ಏರಿಳಿತ ಸಾವಿರಾರು ನ್ಯಾನೊಟೆಸ್ಲ ಮುಟ್ಟಿದರೆ, ಚಿನ್ನಕ್ಕೆ ಹೊಂದಿದ ಬಿರುಕುವಲಯದ ಮೇಲೆ ಹತ್ತಾರು ಅಷ್ಟೇ. ಆ ಹತ್ತಾರನ್ನು ಹಿಡಿಯುವವನು ಮೈಮೇಲೆ ಕಬ್ಬಿಣ ಇಟ್ಟುಕೊಳ್ಳುವಂತಿಲ್ಲ. ಬೆಲ್ಟಿನ ಬಕಲ್ಲು, ಬೀಗದ ಕೈ, ಮೊಬೈಲು ಎಲ್ಲ ದೂರ. ಮುಂದೆ ದಾರಿ ಬಿಡಿಸುತ್ತ ಹೋಗುವ ತೋಟದ ಆಳಿನ ಸೊಂಟದ ಕತ್ತಿಯೂ ಅಳತೆ ಓದುವ ಗಳಿಗೆಯಲ್ಲಿ ಹತ್ತಿಪ್ಪತ್ತು ಹೆಜ್ಜೆ ಆಚೆ ಇರಬೇಕು. ಜೊತೆಗೆ ಇನ್ನೊಂದು ಕಾಂತಮಾಪಕ ಒಂದೇ ಜಾಗದಲ್ಲಿ ದಿನವಿಡೀ ಕೂತಿರುತ್ತದೆ. ಬಿಸಿಲೇರಿದಂತೆ ಮೇಲಿನ ವಾಯುಮಂಡಲದ ವಿದ್ಯುತ್ ಪ್ರವಾಹದಿಂದ ಕಾಂತಬಲ ತಾನಾಗಿಯೇ ಏರಿ ಇಳಿಯುತ್ತದೆ; ಅದನ್ನು ಕಳೆಯದಿದ್ದರೆ ಬೆಳಗ್ಗೆ ಅಳೆದ ಸಾಲಿಗೂ ಮಧ್ಯಾಹ್ನದ ಸಾಲಿಗೂ ತಾಳೆಯಾಗದು.

ದಕ್ಷಿಣ ಭಾರತದಲ್ಲಿ ಕಾಂತೀಯ ನಕಾಶೆ ಓದುವುದಕ್ಕೆ ಇನ್ನೊಂದು ಎಚ್ಚರ ಬೇಕು. ಕೆನಡಾ, ರಷ್ಯಾಗಳಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ನೆಟ್ಟಗೆ ಇಳಿಯುತ್ತವೆ. ಅಲ್ಲಿ ಕಬ್ಬಿಣದ ಕಲ್ಲಿನ ಮೇಲೆ ಅಳತೆ ಏರುತ್ತದೆ. ಕಾಂತೀಯ ಸಮಭಾಜಕ ಕೇರಳ ಮತ್ತು ತಮಿಳುನಾಡಿನ ತುದಿಯ ಹತ್ತಿರವೇ ಹಾಯುವುದರಿಂದ ಚಿಕ್ಕಮಗಳೂರಿನಲ್ಲಿ ಆ ರೇಖೆಗಳು ಬಹುಮಟ್ಟಿಗೆ ಮಲಗಿವೆ. ಇಲ್ಲಿ ಅದೇ ಕಲ್ಲಿನ ನೆತ್ತಿಯಲ್ಲಿ ಅಳತೆ ಇಳಿಯುತ್ತದೆ, ಪಕ್ಕದಲ್ಲಿ ಸ್ವಲ್ಪ ಏರುತ್ತದೆ. ಪರದೇಶದ ಪಠ್ಯಪುಸ್ತಕದ ಚಿತ್ರ ನೋಡಿ ಏರಿದ ಕಡೆ ಕೊರೆದರೆ ರಂಧ್ರ ಬಂಡೆಯ ಪಕ್ಕಕ್ಕೆ ಬೀಳುತ್ತದೆ. ಇನ್ನೂ ಒಂದು ತೊಡಕಿದೆ. ಪೂರ್ವ–ಪಶ್ಚಿಮವಾಗಿ ಹಾಸಿದ ಪದರ ಇಲ್ಲಿ ಚೆನ್ನಾಗಿ ಕಾಣುತ್ತದೆ; ಉತ್ತರ–ದಕ್ಷಿಣವಾಗಿ ಓಡುವ ಉದ್ದನೆಯ ಪಟ್ಟಿ ಮಂಕಾಗಿಬಿಡುತ್ತದೆ. ಅದರ ಕಾಂತಧ್ರುವಗಳು ಎರಡು ತುದಿಗಳಲ್ಲಿರುತ್ತವೆ, ತುದಿಗಳು ಮೈಲಿಗಟ್ಟಲೆ ದೂರದಲ್ಲಿರುತ್ತವೆ. ಧಾರವಾಡ ಶಿಲಾಪಟ್ಟಿಗಳಲ್ಲಿ ಹೆಚ್ಚಿನವು ಉತ್ತರ ವಾಯವ್ಯಕ್ಕೆ ಓಡುವುದರಿಂದ ಈ ಮಂಕುತನ ಕನ್ನಡನಾಡಿನ ಭೂಭೌತಜ್ಞರ ನಿತ್ಯದ ಸಮಸ್ಯೆ.

ಗಾಮಾ ಕಿರಣಗಳ ಅಳತೆ ಅದಕ್ಕಿಂತ ಸರಳ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂಗಳಿಂದ ಹೊಮ್ಮುವ ಕಿರಣಗಳನ್ನು ಕೈಯಲ್ಲಿ ಹಿಡಿದ ಮಾಪಕ ಎಣಿಸುತ್ತದೆ. ಉರುಟುಕಲ್ಲಿನ ಹಾಸಿಗೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ಅಲ್ಲಿ ಪೈರೈಟಿನ ಜೊತೆಗಾರ ಯುರೇನಿಯಂ. ಕೊರತೆ ಒಂದೇ: ಇದು ನೆಲದ ಮೇಲಿನ ಅರ್ಧ ಮೀಟರಿನೊಳಗಿನ ಮಾತನ್ನಷ್ಟೇ ಕೇಳುತ್ತದೆ. ಹೊರಗಿನಿಂದ ತಂದು ಸುರಿದ ಮಣ್ಣಿದ್ದರೆ, ರಸ್ತೆಗೆ ಗ್ರಾನೈಟ್ ಜಲ್ಲಿ ಹಾಕಿದ್ದರೆ ಅದನ್ನೇ ವರದಿ ಮಾಡುತ್ತದೆ.

ಚಿನ್ನದ ಶೋಧಕ್ಕೆ ನಿಜವಾಗಿ ಕೈಗೂಡುವ ಅಳತೆ ವಿದ್ಯುತ್ತಿನದು. ಬೋರ್‌ವೆಲ್‌ಗೆ ಪಾಯಿಂಟ್ ನೋಡಲು ಬಂದವರು ನಾಲ್ಕು ಕಬ್ಬಿಣದ ಗೂಟ ಹೊಡೆದು ತಂತಿ ಎಳೆಯುವುದನ್ನು ಕಂಡ ಬೆಳೆಗಾರರಿಗೆ ಇದರ ಮೊದಲ ಪಾಠ ಆಗಲೇ ಆಗಿದೆ. ಎರಡು ಗೂಟಗಳಿಂದ ನೆಲಕ್ಕೆ ಕರೆಂಟು ಬಿಡುವುದು, ಇನ್ನೆರಡರ ನಡುವೆ ವೋಲ್ಟೇಜ್ ಅಳೆಯುವುದು. ಗಟ್ಟಿ ನೈಸ್ ಕಲ್ಲು ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕೂ ಜೇಡಿಯೂ ಹರಿಯಬಿಡುತ್ತವೆ. ನೀರಿಗೆ ಇಷ್ಟು ಸಾಕು. ಚಿನ್ನದ ಜೊತೆಗಾರ ಪೈರೈಟಿಗೆ ಸಾಲದು, ಏಕೆಂದರೆ ಬಂಡೆಯಲ್ಲಿ ಚದುರಿದ ಪೈರೈಟ್ ಕಣಗಳು ಒಂದಕ್ಕೊಂದು ತಗಲದೆ ಇರುವಾಗ ಬಂಡೆಯ ತಡೆ ಅಷ್ಟೇನೂ ಕಡಿಮೆಯಾಗುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಪ್ರೇರಿತ ಧ್ರುವೀಕರಣ. ಕಸುಬಿನವರ ಬಾಯಲ್ಲಿ ಐ.ಪಿ. ಎರಡು ಸೆಕೆಂಡು ಕರೆಂಟು ಬಿಟ್ಟು, ತಟ್ಟನೆ ನಿಲ್ಲಿಸಿ, ಎರಡು ಸೆಕೆಂಡು ಕಾಯುವುದು ಇದರ ಕ್ರಮ. ಮಾಮೂಲಿ ಬಂಡೆಯಲ್ಲಿ ಕರೆಂಟು ನಿಂತೊಡನೆ ವೋಲ್ಟೇಜೂ ಸೊನ್ನೆಗೆ ಬೀಳುತ್ತದೆ. ಲೋಹಗುಣದ ಕಣಗಳಿದ್ದರೆ ಪ್ರತಿ ಕಣದ ಮೈಗೂ ಸುತ್ತಲಿನ ನೀರಿಗೂ ನಡುವೆ ಸಣ್ಣ ಬ್ಯಾಟರಿಯಂತೆ ವಿದ್ಯುದಾವೇಶ ಕೂತಿರುತ್ತದೆ; ಕರೆಂಟು ನಿಂತ ಮೇಲೆ ಅದು ಮೆಲ್ಲಗೆ ಸೋರಿ ಇಳಿಯುತ್ತದೆ. ಆ ಇಳಿತ ಒಂದು ಸೆಕೆಂಡಿನಷ್ಟು ಹೊತ್ತು ಇರಬಹುದು, ಅಳತೆಯಲ್ಲಿ ಕೆಲವೇ ಮಿಲಿವೋಲ್ಟ್ ಇರಬಹುದು. ಆದರೆ ಕಣಗಳು ಚದುರಿದಷ್ಟೂ ಅವುಗಳ ಒಟ್ಟು ಮೈ ಹೆಚ್ಚು, ಮೈ ಹೆಚ್ಚಾದಷ್ಟೂ ಸಂಕೇತ ಬಲ. ಬೇರೆ ವಿಧಾನಗಳಿಗೆ ಚದುರಿಕೆಯೇ ಅಡ್ಡಿ, ಐ.ಪಿ.ಗೆ ಅದೇ ಬಲ. ಹಟ್ಟಿಯ ಬಗೆಯ ಚಿನ್ನಕ್ಕೆ ಇದಕ್ಕಿಂತ ಒಳ್ಳೆಯ ಊರುಗೋಲು ಇನ್ನೊಂದಿಲ್ಲ.

ಇಷ್ಟು ಕ್ಷೀಣ ಇಳಿತವನ್ನು ಕಬ್ಬಿಣದ ಗೂಟದಿಂದ ಅಳೆಯಲಾಗದು. ಗೂಟ ಒದ್ದೆ ಮಣ್ಣಿಗೆ ತಗಲಿದ ಕಡೆ ತಾನೇ ಒಂದು ಬ್ಯಾಟರಿಯಾಗಿಬಿಡುತ್ತದೆ. ಅದಕ್ಕಾಗಿ ಅಳೆಯುವ ತುದಿಗಳಲ್ಲಿ ಸಣ್ಣ ರಂಧ್ರಗಳಿರುವ ಮಣ್ಣಿನ ಕುಡಿಕೆ ಬಳಸುತ್ತಾರೆ. ಕುಡಿಕೆಯೊಳಗೆ ತಾಮ್ರದ ಸರಳು, ಅದರ ಸುತ್ತ ಮೈಲುತುತ್ತದ ನೀಲಿ ದ್ರಾವಣ. ಅಡಿಕೆಗೆ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತೋಟದವರು ಕಲಸುವ ಅದೇ ಮೈಲುತುತ್ತ. ತರಗೆಲೆ ಸರಿಸಿ, ಅಂಗೈ ಆಳದ ಗುಳಿ ತೋಡಿ, ಒಂದಿಷ್ಟು ನೀರು ಚಿಮುಕಿಸಿ, ಕುಡಿಕೆಯನ್ನು ಒತ್ತಿ ಕೂರಿಸುತ್ತಾರೆ. ಕುಡಿಕೆಯ ತಳದಿಂದ ದ್ರಾವಣ ಬೆವರಿನಂತೆ ಜಿನುಗಿ ಮಣ್ಣನ್ನು ಮುಟ್ಟುತ್ತದೆ. ಬಳಿಕ 50 ಮೀಟರಿಗೊಂದು ಕುಡಿಕೆಯಂತೆ ಸಾಲು ಸಾಗುತ್ತದೆ. ಕರೆಂಟು ಬಿಡುವ ಜೋಡಿ ಮತ್ತು ಅಳೆಯುವ ಜೋಡಿಗಳ ನಡುವಿನ ದೂರ ಹೆಚ್ಚಿದಂತೆ ಅಳತೆ ಆಳಕ್ಕಿಳಿಯುತ್ತದೆ. ಆ 50 ಮೀಟರಿನ ಆರು ಪಟ್ಟು ದೂರ ಸರಿದಾಗ 80–90 ಮೀಟರ್ ಆಳದ ಸುದ್ದಿ ಬರುತ್ತದೆ. ಒಂದು ದಿನಕ್ಕೆ ಒಂದು ಸಾಲು ಮುಗಿದರೆ ಗುಡ್ಡಗಾಡಿನಲ್ಲಿ ಅದು ಒಳ್ಳೆಯ ದಿನ.

ನೆಲದೊಳಗೆ ತಾನಾಗಿ ಹುಟ್ಟುವ ವೋಲ್ಟೇಜನ್ನು ಅಳೆಯುವ ವಿಧಾನ ವಿದ್ಯುತ್ತಿನ ಅಳತೆಗಳಲ್ಲೆಲ್ಲ ಹಳೆಯದು. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ರಾಬರ್ಟ್ ಫಾಕ್ಸ್ 1830ರಲ್ಲೇ ಅದನ್ನು ಕಂಡಿದ್ದ. ಗಂಧಕದ ಖನಿಜದ ಗಡ್ಡೆ ಅಂತರ್ಜಲದ ಮಟ್ಟವನ್ನು ಹಾದು ನಿಂತಿದ್ದರೆ ಅದರ ಮೇಲೆ ನೂರಾರು ಮಿಲಿವೋಲ್ಟ್ ಇಳಿತ ಕಾಣುತ್ತದೆ. ಎರಡು ಕುಡಿಕೆ, ಒಂದು ಮೀಟರು, ಒಂದು ಸುರುಳಿ ತಂತಿ ಇದ್ದರೆ ಸಾಕು.

ಬಾನುಲಿಗೂ ಈ ಶೋಧಕ್ಕೂ ಹತ್ತಿರದ ನಂಟಿದೆ. ತಮಿಳುನಾಡಿನ ತಿರುನೆಲ್ವೇಲಿಯ ಬಳಿ ವಿಜಯನಾರಾಯಣಂನಲ್ಲಿ ಭಾರತೀಯ ನೌಕಾಪಡೆಯ ಐಎನ್ಎಸ್ ಕಟ್ಟಬೊಮ್ಮನ್ ಪ್ರಸಾರ ಕೇಂದ್ರವಿದೆ. ನೀರಿನಡಿಯ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸಲು ಅದು 18.2 ಕಿಲೋಹರ್ಟ್ಸ್ ತರಂಗ ಬಳಸುತ್ತದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಇದು ತೀರ ಮಂದ್ರ. ಮಂದ್ರವಾದದ್ದರಿಂದಲೇ ಸಮುದ್ರದೊಳಕ್ಕೂ ನೆಲದೊಳಕ್ಕೂ ಇಳಿಯುತ್ತದೆ. ನೆಲದಲ್ಲಿ ಕರೆಂಟು ಹರಿಯಬಿಡುವ ಬಿರುಕುವಲಯ ಎದುರಾದರೆ ತರಂಗ ಅಲ್ಲಿ ಹೊಸ ಪ್ರವಾಹ ಹುಟ್ಟಿಸಿ ತಾನು ಓರೆಯಾಗುತ್ತದೆ. ಭೂಭೌತಜ್ಞ ಕೈಯಲ್ಲೊಂದು ಪುಟ್ಟ ಗ್ರಾಹಕ ಹಿಡಿದು ಆ ಓರೆಯ ಕೋನವನ್ನು ಓದುತ್ತಾನೆ. ಪ್ರಸಾರದ ಖರ್ಚು ನೌಕಾಪಡೆಯದು. ಶೋಧಕನದು ನಡಿಗೆ ಮಾತ್ರ. ಒಂದೇ ನಿಬಂಧನೆಯೆಂದರೆ ಹುಡುಕುವ ಪಟ್ಟಿ ಪ್ರಸಾರ ಕೇಂದ್ರದ ದಿಕ್ಕಿಗೆ ಹೆಚ್ಚುಕಡಿಮೆ ಚಾಚಿಕೊಂಡಿರಬೇಕು. ಕಾಫಿಸೀಮೆಯಿಂದ ತಿರುನೆಲ್ವೇಲಿ ದಕ್ಷಿಣ ಆಗ್ನೇಯದಲ್ಲಿದೆ, ಧಾರವಾಡ ಪಟ್ಟಿಗಳ ಓಟವೂ ಅದೇ ಗೆರೆಯಲ್ಲಿದೆ. ಕಾಂತೀಯ ಅಳತೆಗೆ ಒದಗದ ದಿಕ್ಕು ಇಲ್ಲಿ ತಾನಾಗಿ ಒದಗಿಬಂದಿದೆ.

ಗುರುತ್ವದ ಅಳತೆ ಕಾಫಿ ಬೆಟ್ಟಗಳಲ್ಲಿ ಕಷ್ಟದ್ದು. ಒಂದು ಮೀಟರ್ ಎತ್ತರ ಏರಿದರೆ ಗುರುತ್ವ ಸುಮಾರು 0.3 ಮಿಲಿಗ್ಯಾಲ್ ಇಳಿಯುತ್ತದೆ. ಹುಡುಕುವ ವೈಪರೀತ್ಯವೇ ಹಲವೊಮ್ಮೆ ಅರ್ಧ ಮಿಲಿಗ್ಯಾಲ್. ಎತ್ತರವನ್ನು ಅಂಗುಲದ ಲೆಕ್ಕದಲ್ಲಿ ತಿಳಿಯದಿದ್ದರೆ ಅಳತೆ ವ್ಯರ್ಥ, ನೆರಳುಮರಗಳ ಕೆಳಗೆ ಉಪಗ್ರಹದ ಸಂಕೇತವೂ ಸರಿಯಾಗಿ ಸಿಗುವುದಿಲ್ಲ. ಪಕ್ಕದಲ್ಲಿ ನಿಂತ ಬೆಟ್ಟವೂ ಸೆಳೆಯುತ್ತದೆ, ಅದನ್ನೂ ಲೆಕ್ಕದಿಂದ ಕಳೆಯಬೇಕು. ಆದ್ದರಿಂದ ಇದನ್ನು ಪಟ್ಟಿ ಹುಡುಕಲು ಬಳಸದೆ, ಶಿಲಾಪಟ್ಟಿ ಎಷ್ಟು ದಪ್ಪ, ಗ್ರಾನೈಟ್ ಗಡ್ಡೆ ಎಲ್ಲಿ ಎಂಬ ದೊಡ್ಡ ಪ್ರಶ್ನೆಗಳಿಗೆ ಬಳಸುವುದೇ ಸರಿ. ಭೂಕಂಪನದ ವಿಧಾನದ ಮಾತೂ ಇದೇ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ ಸಿಡಿಮದ್ದು ಸಿಡಿಸುತ್ತ ಭೂಪದರದ ದಪ್ಪವನ್ನು ಅಳೆಯಿತು. 35–40 ಕಿಲೋಮೀಟರ್ ಆಳದ ಸಂಗತಿ ಅದರಿಂದ ತಿಳಿಯಿತು. ನೂರು ಮೀಟರ್ ಆಳದ ಚಿನ್ನಕ್ಕೆ ಅದು ಬಲು ದೊಡ್ಡ ಬಲೆ.

ದೊಡ್ಡ ಪ್ರದೇಶವನ್ನು ಮೊದಲು ಜರಡಿ ಹಿಡಿಯುವುದು ವಿಮಾನದಿಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ವಿಮಾನ ನೆಲದಿಂದ ಸುಮಾರು 80 ಮೀಟರ್ ಎತ್ತರದಲ್ಲಿ, 300 ಮೀಟರಿಗೊಂದು ಸಾಲಿನಂತೆ ಹಾರಿ ಕಾಂತಬಲವನ್ನೂ ಗಾಮಾ ಕಿರಣವನ್ನೂ ದಾಖಲಿಸುತ್ತದೆ. ಬಯಲಿನಲ್ಲಿ ಇದು ಸುಲಭ. ಚಾರ್ಮಾಡಿಯಂಥ ಕಡಿದಾದ ಇಳಿಜಾರಿನಲ್ಲಿ ಅದೇ ಎತ್ತರ ಕಾಯ್ದುಕೊಂಡು ಹಾರುವುದು ಕಷ್ಟ. ಎತ್ತರ ಹೆಚ್ಚಿದಂತೆ ನೆಲದ ಸುದ್ದಿ ಮಸುಕಾಗುತ್ತದೆ. ಇಂಥ ಊರಿನಲ್ಲಿ ಕಾಲ್ನಡಿಗೆಯ ಅಳತೆಗೆ ಬದಲಿಯಿಲ್ಲ.

ಅಳತೆಯ ನಕಾಶೆಯಲ್ಲಿ ಎದ್ದುಕಂಡದ್ದೆಲ್ಲ ಕೊರೆಯುವ ಗುರಿಯಲ್ಲ. ಧಾರವಾಡ ಪಟ್ಟಿಗಳಲ್ಲಿ ಗ್ರಾಫೈಟ್ ಇರುವ ಕಪ್ಪು ಸೀಳುಕಲ್ಲು ಬೇಕಾದಷ್ಟಿದೆ. ಅದು ವಿದ್ಯುತ್ ಹರಿಯಬಿಡುತ್ತದೆ, ಐ.ಪಿ.ಗೂ ಜೋರಾಗಿ ಉತ್ತರಿಸುತ್ತದೆ, ಸ್ವಯಂ ವೋಲ್ಟೇಜನ್ನೂ ಹುಟ್ಟಿಸುತ್ತದೆ; ಚಿನ್ನ ಮಾತ್ರ ಬಹುತೇಕ ಇರುವುದಿಲ್ಲ. ಕೊಳೆತ ಬಂಡೆಯ ಜೇಡಿಮಣ್ಣು ಇನ್ನೊಂದು ಮೋಸ. ಕಾಫಿ ತೋಟದಲ್ಲಿ ಮನುಷ್ಯ ಮಾಡಿದ ಸದ್ದೂ ಇದೆ. ಆನೆ ತಡೆಯುವ ಐಬೆಕ್ಸ್ ಬೇಲಿ ಸೆಕೆಂಡಿಗೊಮ್ಮೆಯಂತೆ ಸಾವಿರಾರು ವೋಲ್ಟಿನ ಮಿಡಿತ ಕಳುಹಿಸುತ್ತದೆ. ಐ.ಪಿ.ಯ ಕ್ಷೀಣ ಇಳಿತ ಅದರಲ್ಲಿ ಮುಳುಗಿಹೋಗುತ್ತದೆ. ನೆಲದಡಿಯ ಸ್ಪ್ರಿಂಕ್ಲರ್ ಕಬ್ಬಿಣದ ಪೈಪು, ಮುಳ್ಳುತಂತಿ, ಕಣದ ಪಕ್ಕದ ತಗಡಿನ ಗೋದಾಮು, ಮೇಲೆ ಹಾಯುವ ವಿದ್ಯುತ್ ಲೈನು ಎಲ್ಲವೂ ನಕಾಶೆಯಲ್ಲಿ ಸುಳ್ಳು ಪಟ್ಟಿಗಳಾಗಿ ಮೂಡುತ್ತವೆ. ಅಳತೆಯ ಪುಸ್ತಕದ ಅಂಚಿನಲ್ಲಿ "ಇಲ್ಲಿ ಬೇಲಿ, ಇಲ್ಲಿ ಪೈಪು" ಎಂದು ಬರೆದಿಟ್ಟ ಒಂದು ಸಾಲು ಮುಂದೆ ಲಕ್ಷಾಂತರ ರೂಪಾಯಿಯ ಕೊರೆತವನ್ನು ಉಳಿಸುತ್ತದೆ.

ಗುರಿ ಎನ್ನಿಸಿಕೊಳ್ಳಲು ಕನಿಷ್ಠ ಮೂರು ಸಾಕ್ಷಿಗಳು ಒಂದೇ ಜಾಗಕ್ಕೆ ಬೆರಳು ತೋರಬೇಕು. ಉದಾಹರಣೆಗೆ ಕಾಂತೀಯ ನಕಾಶೆಯಲ್ಲಿ ಪಟ್ಟೆಕಲ್ಲಿನ ಸಾಲು ತುಂಡಾಗಿ ಸರಿದ ಜಾಗ, ಅದೇ ಜಾಗದಲ್ಲಿ ಐ.ಪಿ. ಏರಿಕೆ, ಅಲ್ಲಿನ ಮಣ್ಣಿನ ಮಾದರಿಯಲ್ಲಿ ಆರ್ಸೆನಿಕ್ ಅಥವಾ ಚಿನ್ನದ ಸುಳಿವು. ಮಣ್ಣಿನ ಪರೀಕ್ಷೆ ಗ್ರಾಫೈಟಿನ ಮೋಸವನ್ನು ಬಯಲು ಮಾಡುತ್ತದೆ, ಐ.ಪಿ. ಅಳತೆ ಮಣ್ಣು ಇಳಿಜಾರಿನಲ್ಲಿ ಸರಿದುಬಂದ ಮೋಸವನ್ನು ತೋರಿಸಿಕೊಡುತ್ತದೆ. ಮೈಸೂರು ಭೂವಿಜ್ಞಾನ ಇಲಾಖೆಯಿಂದ ಬಂದು ದೇಶದ ಭೂಭೌತ ಶೋಧಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಎಂ.ಬಿ. ರಾಮಚಂದ್ರರಾವ್ ಭೂವಿಜ್ಞಾನಿಗಳಿಗೆಂದೇ ಒಂದು ಭೂಭೌತ ಕೈಪಿಡಿ ಬರೆದರು. ಮೈಸೂರು ವಿಶ್ವವಿದ್ಯಾನಿಲಯ ಅದನ್ನು 1975ರಲ್ಲಿ ಪ್ರಕಟಿಸಿತು. ಬಂಡೆ ಬಲ್ಲವನೂ ಉಪಕರಣ ಬಲ್ಲವನೂ ಒಂದೇ ನಕಾಶೆಯ ಮುಂದೆ ಕೂರದಿದ್ದರೆ ಈ ಕೆಲಸ ಸಾಗುವುದಿಲ್ಲ.

ಗುರಿಯೆಂದರೆ ಬರಿಯ ಒಂದು ಚುಕ್ಕೆಯೂ ಅಲ್ಲ. ರಂಧ್ರದ ಬಾಯಿ ಎಲ್ಲಿ, ದಿಕ್ಕು ಯಾವುದು, ಓರೆ ಎಷ್ಟು, ಉದ್ದ ಎಷ್ಟು ಎಂಬ ನಾಲ್ಕೂ ಅದರಲ್ಲಿ ಸೇರಬೇಕು. ಹಟ್ಟಿಯಲ್ಲಿರುವಂತೆ ಪಶ್ಚಿಮಕ್ಕೆ 70 ಡಿಗ್ರಿ ಓರೆಯಾಗಿ ಇಳಿಯುವ ಪಟ್ಟಿಯೊಂದನ್ನು ಸಮತಟ್ಟು ನೆಲದಲ್ಲಿ ಊಹಿಸಿಕೊಳ್ಳಬಹುದು. 60 ಮೀಟರ್ ಆಳದಲ್ಲಿ ಅದು ಮೇಲ್ಮೈಯ ಗೆರೆಯಿಂದ ಸುಮಾರು 22 ಮೀಟರ್ ಪಶ್ಚಿಮಕ್ಕೆ ಸರಿದಿರುತ್ತದೆ. 50 ಡಿಗ್ರಿ ಓರೆಯಲ್ಲಿ ಪೂರ್ವದ ಕಡೆಗೆ ಕೊರೆದು ಅಲ್ಲಿಗೆ ಮುಟ್ಟಬೇಕಾದರೆ ಯಂತ್ರ ಗೆರೆಯಿಂದ 72 ಮೀಟರ್ ಪಶ್ಚಿಮಕ್ಕೆ ನಿಲ್ಲಬೇಕು, ರಂಧ್ರ 78 ಮೀಟರ್ ಉದ್ದ ಹೋಗಬೇಕು. ಆಗ ರಂಧ್ರ ಪಟ್ಟಿಯನ್ನು 60 ಡಿಗ್ರಿ ಕೋನದಲ್ಲಿ ಕತ್ತರಿಸುತ್ತದೆ. ಒಂದು ಮೀಟರ್ ದಪ್ಪದ ಪಟ್ಟಿ 1.15 ಮೀಟರಾಗಿ ಕಾಣುತ್ತದೆ. ಅದೇ ಓರೆಯಲ್ಲಿ ಪೂರ್ವದ ಕಡೆ ನಿಂತು ಪಶ್ಚಿಮಕ್ಕೆ ಕೊರೆದರೆ ರಂಧ್ರ ಪಟ್ಟಿಯ ಮೈಗುಂಟ ಜಾರಿ, 20 ಡಿಗ್ರಿ ಕೋನದಲ್ಲಿ ಸೀಳಿ, ಅದೇ ಒಂದು ಮೀಟರನ್ನು ಮೂರು ಮೀಟರ್ ಎಂದು ತೋರಿಸುತ್ತದೆ. ಯಾರೂ ಸುಳ್ಳು ಹೇಳದೆಯೇ ಗಣಿ ಮೂರು ಪಟ್ಟು ದೊಡ್ಡದಾಗಿಬಿಡುತ್ತದೆ. ಶೋಧದ ವರದಿಯನ್ನು ಓದುವವರು ಮೊದಲು ಕೇಳಬೇಕಾದದ್ದು ಈ ಕೋನವನ್ನೇ.

ಕೊರೆಯುವ ಯಂತ್ರ ಬೋರ್‌ವೆಲ್ ಲಾರಿಯಂಥದಲ್ಲ. ಅದು ಕಲ್ಲನ್ನು ಕುಟ್ಟಿ ಪುಡಿ ಮಾಡುವುದಿಲ್ಲ. ವಜ್ರದ ಹರಳು ಕೂರಿಸಿದ ಟೊಳ್ಳು ಬಿಲ್ಲೆಯಿಂದ ತಿರುಗಿಸಿ ಕೊರೆದು ನಡುವಿನ ತಿರುಳನ್ನು ಇಡಿಯಾಗಿ ಹೊರತೆಗೆಯುತ್ತದೆ. 47.6 ಮಿಲಿಮೀಟರ್ ಅಡ್ಡಳತೆಯ ಆ ಕಲ್ಲಿನ ಕೋಲುಗಳನ್ನು ಆಳದ ಗುರುತಿನೊಂದಿಗೆ ಪೆಟ್ಟಿಗೆಯಲ್ಲಿ ಸಾಲಾಗಿ ಇಡುತ್ತಾರೆ. ಉದ್ದಕ್ಕೆ ಸೀಳಿ ಅರ್ಧವನ್ನು ಪರೀಕ್ಷೆಗೆ ಕಳುಹಿಸಿ ಅರ್ಧವನ್ನು ಉಳಿಸಿಕೊಳ್ಳುತ್ತಾರೆ. ನಕಾಶೆಯ ಏರಿಕೆಗೆ ಕಾರಣ ಪೈರೈಟೋ ಗ್ರಾಫೈಟೋ ಎಂಬುದು ಪೆಟ್ಟಿಗೆ ತೆರೆದ ದಿನವೇ ತಿಳಿಯುತ್ತದೆ. ಗ್ರಾಫೈಟಾದರೆ ನಕಾಶೆಯನ್ನು ತಿದ್ದಿ ಉಳಿದ ಗುರಿಗಳನ್ನೂ ಮರಳಿ ತೂಗಬೇಕು. ಹಾಗೆ ತಿದ್ದದೆ ಮುಂದಿನ ರಂಧ್ರಕ್ಕೆ ಹೋಗುವುದು ಹಣವನ್ನು ನೆಲಕ್ಕೆ ಸುರಿದಂತೆ.

ಬೆಳ್ಳಿಯ ವಿಷಯ ಚಿಕ್ಕದು. ಕೋಲಾರ, ಹಟ್ಟಿಗಳಲ್ಲಿ ಅದು ಚಿನ್ನದೊಡನೆ ಅಷ್ಟಿಷ್ಟು ಬೆರೆತು ಬರುತ್ತದೆ, ಅದಕ್ಕೆ ಬೇರೆ ಶೋಧ ಬೇಕಿಲ್ಲ. ದೇಶದ ಬೆಳ್ಳಿಯೆಲ್ಲ ಹೆಚ್ಚುಕಡಿಮೆ ರಾಜಸ್ಥಾನದ ಸೀಸ–ಸತುವಿನ ಗಣಿಗಳದು. ಅಲ್ಲಿ ಅದರ ಜೊತೆಗಾರ ಗಲೀನ ಎಂಬ ಸೀಸದ ಅದಿರು, ನೀರಿಗಿಂತ ಏಳೂವರೆ ಪಟ್ಟು ಭಾರ. ಅದಿರು ಗಡ್ಡೆಕಟ್ಟಿ ಕೂತ ಕಡೆ ಗುರುತ್ವ, ವಿದ್ಯುತ್ ಎರಡೂ ಅಳತೆಗಳು ಒಟ್ಟಿಗೆ ಮಾತಾಡುತ್ತವೆ.

ಕಾಫಿ ಬೆಟ್ಟಗಳಲ್ಲಿ ಅಳೆಯುವುದು ಬೇರೆ, ಅಗೆಯುವುದು ಬೇರೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ ಅಲ್ಲಿನ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಆಸುಪಾಸಿನಲ್ಲಿ ಇನ್ನೊಂದು ಗಣಿಗೆ ಎಡೆಯಿಲ್ಲ, ಇರಬಾರದು ಕೂಡ. ಆದರೆ ನೆಲದೊಳಗೆ ಏನಿದೆ ಎಂಬ ತಿಳಿವಳಿಕೆಗೆ ಮರ ಕಡಿಯಬೇಕಿಲ್ಲ. ಗೂಟ ಕಿತ್ತ ಮೇಲೆ ಉಳಿಯುವುದು ಅಂಗೈ ಆಳದ ಗುಳಿ, ಒಂದು ಮಳೆಗೆ ಅದೂ ಮುಚ್ಚಿಹೋಗುತ್ತದೆ. ಅದೇ ಐ.ಪಿ. ಸಾಲು ಬಿರುಕುವಲಯವನ್ನು ತೋರಿಸಿ ಬೇಸಿಗೆಯಲ್ಲಿ ನೀರಿನ ಪಾಯಿಂಟಿಗೂ ಒದಗುತ್ತದೆ. ಅಳತೆಯ ತಂಡ ಗೇಟಿಗೆ ಬಂದ ದಿನ ತೋಟದವರು ಅನುಮತಿ ಪತ್ರವನ್ನು ಕೇಳಿ ನೋಡಲಿ. ಪತ್ರ ಸರಿಯಿದ್ದರೆ ಐಬೆಕ್ಸ್ ಬೇಲಿಯನ್ನು ಒಂದೆರಡು ಗಂಟೆ ಆರಿಸಿಕೊಟ್ಟು, ಪೈಪು ಹೂತ ಸಾಲನ್ನು ತೋರಿಸಿಕೊಟ್ಟು, ಅಳೆದ ನಕಾಶೆಯ ಒಂದು ಪ್ರತಿಯನ್ನು ತಮಗೂ ಕೊಡುವಂತೆ ಕೇಳಿಕೊಳ್ಳಲಿ.